ನಿಮಗಿದು ಗೊತ್ತೆ? ಮಿದುಳಿನ ಆಘಾತಕ್ಕೆ ಕಣ್ಣಿನ ಸಾಕ್ಷ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತನು ಕೆರೆಯೇರಿಯ ಹೊರಮೈಯಲ್ಲಿ ಜಿನುಗುವ ತೇವವನ್ನು ಕಂಡೊಡನೆ ಒಳಗಣ ಬಿರುಕನ್ನು ಊಹಿಸುವಂತೆ, ವೈದ್ಯನು ಕಣ್ಣಿನೊಳಗಣ ಹೊಳಪಿನಿಂದ ಮಿದುಳಿನ ಸ್ಥಿತಿಯನ್ನು ಅರಿಯಬಹುದೆಂಬ ಆಶೆ ಮೂಡಿದೆ.

ಎಂಆರ್‌ಐ ಚಿತ್ರವು ಸ್ಫುಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ಗ್ಯಾಡೋಲಿನಿಯಂ ಎಂಬ ಲೋಹದ ಸಂಯುಕ್ತವು ರಕ್ತಕ್ಕೂ ನೇತ್ರಕ್ಕೂ ನಡುವಣ ಸೂಕ್ಷ್ಮ ತಡೆಯನ್ನು ಸುಲಭವಾಗಿ ದಾಟದು. ಆದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 167 ಮಂದಿ ಪಾರ್ಶ್ವವಾಯು ರೋಗಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಂತೆ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಕಣ್ಣಿನೊಳಕ್ಕೆ ಸೋರಿ, ಚಿತ್ರದಲ್ಲಿ ಕಪ್ಪಾಗಿ ಕಾಣಬೇಕಾದ ಭಾಗವು ಬೆಳ್ಳಗೆ ಹೊಳೆದಿತ್ತು. ಕಣ್ಣಿನ ಹಿಂಭಾಗದ ಗಾಜಿನಂಥ ಲೋಳೆಯವರೆಗೆ ಅದು ಇಳಿದವರಲ್ಲಿ ವಯೋವೃದ್ಧರೂ ಅಧಿಕ ರಕ್ತದೊತ್ತಡವುಳ್ಳವರೂ ಹೆಚ್ಚಾಗಿದ್ದರು.

ಈ ಹೊಳಪು ಯಂತ್ರಕ್ಕೆ ಮಾತ್ರ ಗೋಚರ. ನಮ್ಮ ಬರಿಗಣ್ಣಿಗೆ ಗೋಚರಿಸುವ ಪಾರ್ಶ್ವವಾಯುವಿನ ಲಕ್ಷಣಗಳೆಂದರೆ ಸೊಟ್ಟಗಾದ ಬಾಯಿ, ಸೋತ ಕೈ, ತೊದಲುವ ಮಾತು. ಇವುಗಳಲ್ಲಿ ಒಂದು ಕಂಡರೂ ನಾಟಿಮದ್ದಿಗೆಂದು ಊರೂರು ಅಲೆಯದೆ, ಕ್ಷಣವೂ ತಡಮಾಡದೆ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೇ ಪರಮ ಕರ್ತವ್ಯ. ಏಕೆಂದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಸಲ್ಲತಕ್ಕದ್ದು.