ಹದಿಮೂರನೇ ಹುಡುಗಿ

ಜುಲೈ ತಿಂಗಳು ಬಂತೆಂದರೆ ನನಗೆ ಈಗಲೂ ಒಂದು ಥರಾ ತಳಮಳ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಹೋಗಿಲ್ಲ. ಮೂವತ್ತು ವರ್ಷ ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಶಾಲೆ ಶುರುವಾಗಿ ಮಳೆ ಒಂದಿಷ್ಟು ಹಿಡಿದ ಮೇಲೆ ಖೋ ಖೋ ತಂಡದ ಆಯ್ಕೆ. ಮೈದಾನಕ್ಕೆ ಬರುವವರು ನಲವತ್ತು ಐವತ್ತು ಹುಡುಗಿಯರು. ಬೇಕಾದವರು ಹನ್ನೆರಡು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಏಣಿ ಹತ್ತಬೇಕಾದ ತಂಡ ಅದು. ಪಟ್ಟಿ ಓದೋಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷದ ಬಗ್ಗೆಯೇ ಈ ಬರಹ.

ಮೆಲ್ಬರ್ನಿನಲ್ಲಿರುವ ನನ್ನ ತಮ್ಮನ ಮಗ ಕಳೆದ ನವೆಂಬರಿನಲ್ಲಿ ಫೋನ್ ಮಾಡಿ, 'ಅತ್ತೆ, ಇವತ್ತು ಇಲ್ಲಿ ಎಲ್ಲರ ಮನೇಲೂ ಟೀವಿ ಮುಂದೆ ಕೂತಿದ್ದಾರೆ, ಫುಟ್‌ಬಾಲ್ ಡ್ರಾಫ್ಟ್' ಅಂದ. ಅಲ್ಲಿಯವರ ಫುಟ್‌ಬಾಲ್ ಬೇರೆ, ಮೊಟ್ಟೆಯಾಕಾರದ ಚೆಂಡು. 1986ರಿಂದ ಅವರಲ್ಲಿ ಈ ಪದ್ಧತಿ ಇದೆ. ಹದಿನೆಂಟು ತುಂಬುವ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಹಿಂದಿನ ಸಲ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಅದಕ್ಕೂ ಮುಂಚೆ 20 ಮೀಟರ್ ಓಟ, ಎತ್ತರ ಜಿಗಿತ, 2 ಕಿಲೋಮೀಟರ್ ಓಟ ಎಲ್ಲ ಅಳೆದು ಬರೆದಿಟ್ಟಿರುತ್ತಾರೆ. ಕೇಳುತ್ತಾ ನನಗೆ ನಗು ಬಂತು. ನಾನೂ ಅದನ್ನೇ ಅಲ್ಲವಾ ಮಾಡುತ್ತಿದ್ದದ್ದು? ಟೇಪು, ಸ್ಟಾಪ್‌ವಾಚು, ಒಂದು ನೋಟ್‌ಬುಕ್ಕು.

ಡ್ರಾಫ್ಟ್ ನಮಗೂ ಹೊಸದಲ್ಲ. 2022ರಲ್ಲಿ ಪುಣೆಯಲ್ಲಿ ನಡೆದ ಮೊದಲ ಅಲ್ಟಿಮೇಟ್ ಖೋ ಖೋ ಲೀಗಿನಲ್ಲಿ ಆರು ತಂಡಗಳು ಆಟಗಾರರನ್ನು ಹರಾಜು ಕೂಗಲಿಲ್ಲ, ಡ್ರಾಫ್ಟ್ ಮೂಲಕವೇ ಸರದಿಯಂತೆ ಆರಿಸಿಕೊಂಡವು. ಹಳ್ಳಿ ಹುಡುಗರು ಸಂಬಳಕ್ಕೆ ಖೋ ಖೋ ಆಡುತ್ತಾರೆ ಅಂತ ನನ್ನ ಸರ್ವೀಸಿನ ಮೊದಲ ವರ್ಷಗಳಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2009ನೇ ಇಸವಿ. ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು. ಒಬ್ಬಳು ರಾಮಾಪುರದ ಕಡೆಯವಳು, ಆ ವಯಸ್ಸಿಗೇ ನನ್ನ ಭುಜ ದಾಟಿದ್ದಳು. ಓಟ, ಜಿಗಿತ, ಷಟಲ್ ರನ್ ಎಲ್ಲದರಲ್ಲೂ ಮೊದಲು. ಇನ್ನೊಬ್ಬಳು ಲೊಕ್ಕನಹಳ್ಳಿಯ ಕಡೆಯವಳು, ಗಿಡ್ಡಿ. ಕೊಳ್ಳೇಗಾಲದಲ್ಲಿ ಅಜ್ಜಿ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಅಜ್ಜಿಗೆ ರೇಷ್ಮೆ ನೂಲಿನ ಕೆಲಸ. ಈ ಹುಡುಗಿ ಎಲ್ಲರಿಗಿಂತ ಮುಂಚೆ ಬಂದು ಸುಣ್ಣದ ಪುಡಿ ಹಿಡಿದು ನನ್ನ ಜೊತೆ ಗೆರೆ ಹಾಕುತ್ತಿದ್ದಳು. ಟೇಪು ಹಿಡಿದಾಗ ಮಾತ್ರ ಎಲ್ಲದರಲ್ಲೂ ನಡುವೆ ಎಲ್ಲೋ ಬಂದಳು. ನೋಟ್‌ಬುಕ್ಕಿನಲ್ಲಿ ಅವಳದು ಹದಿಮೂರನೇ ಹೆಸರು. ನಾನು ಹನ್ನೆರಡರ ಕೆಳಗೆ ಗೆರೆ ಎಳೆದೆ. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಮನೆಗೆ ಹೋದೆ.

ನಾಲ್ಕನೇ ದಿನ ಅಜ್ಜಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

'ಮೇಡಮ್ಮೋರೆ, ನಮ್ ಮಗ ಯಾನ ತಪ್ಪು ಮಾಡ್ತು? ಮೂರು ದಿನಾಯ್ತು, ಸರಿಯಾಗಿ ಉಣ್ತಾ ಇಲ್ಲ.'

'ಏನೂ ತಪ್ಪಿಲ್ಲ ಕಣಜ್ಜಿ. ಇನ್ನೂ ಚಿಕ್ಕವಳು. ಮುಂದಿನ ವರ್ಷ ನೋಡೋಣ.'

'ಮುಂದ್ಲೊರ್ಸ ಇಲ್ಲಿ ಇರ್ತದೋ ಇಲ್ವೋ. ಆಟ ಆಡ್ತದೆ, ಸರ್ಟಿಫಿಕೇಟ್ ಬತ್ತದೆ ಅಂತ ಅವರಪ್ಪನ ಒಪ್ಸಿ ಇಟ್ಕಂಡಿವ್ನಿ.'

ನನಗೆ ಅವತ್ತು ಅದರ ಭಾರ ಗೊತ್ತಾಗಲಿಲ್ಲ. ಬೆಲ್ ಹೊಡೆಯಿತು, ನಾನು ಕ್ಲಾಸಿಗೆ ಹೋದೆ.

ಆ ವರ್ಷ ತಾಲ್ಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಚಾಮರಾಜನಗರಕ್ಕೆ ಹೋದೆವು. ಎದುರಿಗೆ ಯಳಂದೂರು ತಾಲ್ಲೂಕಿನ ತಂಡ. ಎಲ್ಲಾ ಪುಟ್ಟಪುಟ್ಟ ಹುಡುಗಿಯರು. ನಮ್ಮವರು ಅವರನ್ನು ನೋಡಿ ನಕ್ಕರು, ನಾನೂ ಒಳಗೊಳಗೇ ನಕ್ಕೆ ಅನ್ನಿ. ಆಟ ಶುರುವಾಗಿ ಐದು ನಿಮಿಷಕ್ಕೆ ನಗು ನಿಂತಿತು. ಆ ಮಕ್ಕಳು ನಮ್ಮ ಎತ್ತರದವಳ ಕೈಯಡಿಯಲ್ಲೇ ನುಸುಳಿಕೊಂಡು ಹೋದರು. ನಾವು ಸೋತು ಬಸ್ ಹತ್ತಿದೆವು.

ಖೋ ಖೋ ನೋಡಿದವರಿಗೆ ಇದು ಗೊತ್ತು. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಅಟ್ಟಿಸಿಕೊಂಡು ಹೋಗುತ್ತಾಳೆ. ಅಟ್ಟುವವಳು ಹಿಡಿದ ದಿಕ್ಕು ಬದಲಾಯಿಸುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ಓಡುವವರು ಮೂರು ಮೂರು ಜನರಂತೆ ಒಳಗೆ ಬರುತ್ತಾರೆ, ಅವರಿಗೆ ಎಲ್ಲ ದಿಕ್ಕೂ ತೆರೆದಿರುತ್ತದೆ. ಹಾಗಾಗಿ ಇಲ್ಲಿ ಉದ್ದ ಕಾಲಿಗಿಂತ ಬೇಕಾದದ್ದು ಬೇರೆ. ಕೂತಲ್ಲಿಂದ ಎಷ್ಟು ಬೇಗ ಏಳುತ್ತಾಳೆ? ಖೋ ಯಾರಿಗೆ ಕೊಡಬೇಕು ಅಂತ ಓಡುತ್ತಲೇ ಹೇಗೆ ಲೆಕ್ಕ ಹಾಕುತ್ತಾಳೆ? ಔಟಾದ ಮೇಲೆ ತಲೆ ತಗ್ಗಿಸಿ ಕೂರುತ್ತಾಳಾ, ಇಲ್ಲಾ ಮುಂದಿನವಳಿಗೆ ಕೂಗಿ ದಾರಿ ಹೇಳುತ್ತಾಳಾ? ಇದು ಯಾವುದೂ ನನ್ನ ಟೇಪಿನಲ್ಲಿ ಇರಲಿಲ್ಲ. ಬೆಳಗ್ಗೆ ಮುಂಚೆ ಬಂದು ಗೆರೆ ಹಾಕುತ್ತಿದ್ದ ಹುಡುಗಿಗೆ ಆ ಅಂಕಣದ ಪ್ರತಿ ಅಡಿಯೂ ಗೊತ್ತಿತ್ತು. ಅದನ್ನು ನಾನು ಅಂಕಿಯಾಗಿ ಬರೆದುಕೊಂಡಿರಲಿಲ್ಲ, ಅಷ್ಟೇ.

ಇನ್ನೊಂದು ಮಾತು, ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ. ಹನ್ನೆರಡು ಹದಿಮೂರನೇ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಬೆಳವಣಿಗೆ ಒಂದೇ ಸಮ ಇರುವುದಿಲ್ಲ. ಬೇಗ ಮೈನೆರೆದವಳು ಎತ್ತರವಾಗಿ ಕಾಣುತ್ತಾಳೆ, ಹದಿನಾಲ್ಕು ಹದಿನೈದಕ್ಕೆ ಅವಳ ಬೆಳವಣಿಗೆ ನಿಧಾನವಾಗುತ್ತದೆ. ಇವತ್ತು ಗಿಡ್ಡಿಯಾಗಿರುವವಳು ಆಮೇಲೆ ಸಮಕ್ಕೆ ಬರುತ್ತಾಳೆ. ಅದರ ಮೇಲೆ ಹುಟ್ಟಿದ ದಿನದ ಲೆಕ್ಕ. ಹದಿನಾಲ್ಕು ವರ್ಷದೊಳಗಿನವರು ಅಂದರೆ ಜನವರಿಯಲ್ಲಿ ಹುಟ್ಟಿದವಳೂ ಡಿಸೆಂಬರಿನಲ್ಲಿ ಹುಟ್ಟಿದವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಡುವೆ ಹನ್ನೊಂದು ತಿಂಗಳ ಅನ್ನ ಇದೆ! ಹಳ್ಳಿ ಕಡೆ ಶಾಲೆಗೆ ಸೇರಿಸುವಾಗ ಜೂನ್ ತಿಂಗಳ ಯಾವುದೋ ತಾರೀಕು ಬರೆಸಿದ ಮಕ್ಕಳಂತೂ ಎಷ್ಟೋ. ದಾಖಲೆ ಒಂದು ಹೇಳುತ್ತದೆ, ಮೈ ಒಂದು ಹೇಳುತ್ತದೆ. ಆರಿಸುವವರು ಎಷ್ಟೋ ಸಲ ಪ್ರತಿಭೆ ಅಂದುಕೊಂಡು ವಯಸ್ಸನ್ನೇ ಆರಿಸಿರುತ್ತಾರೆ.

ಆಸ್ಟ್ರೇಲಿಯಾದವರಷ್ಟು ಅಳೆಯುವವರಿಗೂ ಇದು ತಪ್ಪಿಲ್ಲ. 2001ರ ಅವರ ಡ್ರಾಫ್ಟಿನಲ್ಲಿ ಡೇನ್ ಸ್ವಾನ್ ಎಂಬ ಹುಡುಗನನ್ನು ಕಾಲಿಂಗ್‌ವುಡ್ ಕ್ಲಬ್ಬಿನವರು ತೆಗೆದುಕೊಂಡದ್ದು 58ನೆಯವನಾಗಿ. ಹತ್ತು ವರ್ಷದ ಮೇಲೆ, 2011ರಲ್ಲಿ, ಆ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಅವನ ಕೊರಳಿಗೆ ಬಿತ್ತು. ಅವನಿಗೆ 58ನೇ ಜಾಗವಾದರೂ ಇತ್ತು. ನನ್ನ ಪಟ್ಟಿಯಲ್ಲಿ ಹದಿಮೂರಕ್ಕೆ ಜಾಗವೇ ಇರಲಿಲ್ಲ.

ಮುಂದಿನ ಜೂನಿನಲ್ಲಿ ಲೊಕ್ಕನಹಳ್ಳಿ ಕಡೆಯ ಹುಡುಗಿ ಶಾಲೆಗೆ ಬರಲಿಲ್ಲ. ಊರಿಗೆ ಕರೆದುಕೊಂಡು ಹೋದರು ಅಂದರು. ಮೂರು ವರ್ಷಕ್ಕೆ ಮದುವೆಯಾಯಿತಂತೆ ಅಂತಲೂ ಸುದ್ದಿ ಬಂತು. ಲೆಕ್ಕ ಹಾಕಿದೆ, ಹದಿನೆಂಟು ತುಂಬಿರಲಿಲ್ಲ. ಖೋ ಖೋ ಆಡಿದ್ದರೆ ಇದು ತಪ್ಪುತ್ತಿತ್ತು ಅಂತ ಹೇಳುವ ಧೈರ್ಯ ನನಗಿಲ್ಲ. ಮನೆಯ ಕಷ್ಟ ಸುಖ ನೂರೆಂಟು ಇರುತ್ತವೆ. ಆದರೆ ಅಜ್ಜಿ ಕೈಯಲ್ಲಿದ್ದ ಒಂದು ನೆಪವನ್ನು ಕಿತ್ತುಕೊಂಡವಳು ನಾನು ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ನಾನು ಕೆಲವು ಬದಲಾವಣೆ ಮಾಡಿಕೊಂಡೆ. ಒಂದೇ ದಿನದ ಆಯ್ಕೆ ಬಿಟ್ಟು ಮೂರು ವಾರ ಆಡಿಸಿ ನೋಡಿದೆ. ಹನ್ನೆರಡು ಜನರ ಬದಲು ಇಪ್ಪತ್ತು ಜನ ವರ್ಷವಿಡೀ ಅಭ್ಯಾಸ ಮಾಡುವುದು ಅಂತ ಮಾಡಿದೆ. ಪಂದ್ಯಕ್ಕೆ ಹನ್ನೆರಡು, ಮೈದಾನಕ್ಕೆ ಇಪ್ಪತ್ತು. ಪಟ್ಟಿ ಅಂಟಿಸುವುದನ್ನು ನಿಲ್ಲಿಸಿದೆ. ಬಿಟ್ಟುಹೋದ ಪ್ರತಿಯೊಬ್ಬಳನ್ನೂ ಕರೆದು, ಯಾಕೆ ಈ ಸಲ ಇಲ್ಲ, ಏನು ಸುಧಾರಿಸಬೇಕು, ಯಾವಾಗ ಮತ್ತೆ ನೋಡುತ್ತೇನೆ ಅಂತ ಮುಖ ನೋಡಿ ಹೇಳಿದೆ. ಕೆಲವರು ಅತ್ತರು. ಆದರೆ ಹೆಚ್ಚಿನವರು ಮಾರನೇ ದಿನ ಬಂದರು.

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ನಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಊರು. ಟೀವಿ ಮುಂದೆ ಕೂತು ನಾನು ಕಣ್ಣೀರು ಹಾಕಿದೆ. ಎಲ್ಲೋ ಯಾವ ಮೇಷ್ಟರೋ ಈ ಹುಡುಗಿಯ ಮೇಲೆ ಗೆರೆ ಎಳೆಯದೆ ಬಿಟ್ಟರಲ್ಲ ಅಂತ.

ಅದಾಗಿ ಒಂದೆರಡು ತಿಂಗಳಿಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹನೂರು ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು 'ಮೇಡಂ' ಅಂತ ಕೂಗಿದಳು. ಪಕ್ಕದಲ್ಲಿ ಹತ್ತು ವರ್ಷದ ಮಗಳು. ನನಗೆ ಗುರುತು ಸಿಗಲಿಲ್ಲ, ಅವಳೇ ಹೇಳಿದಳು. ನಾನು ಏನು ಹೇಳಬೇಕೋ ತೋಚದೆ, 'ಅವತ್ತು ನಿನ್ನ ತಗೋಬೇಕಿತ್ತು ಕಣಮ್ಮ' ಅಂದೆ.

'ತಗೊಳ್ದೆ ಇದ್ದುದ್ಕೆ ಬೇಜಾರಿಲ್ಲ ಮೇಡಂ. ಯಾಕೆ ಅಂತ ಹೇಳ್ಲಿಲ್ಲ ನೀವು. ನಾನು ಏನೋ ತಪ್ಪು ಮಾಡಿರ್ಬೇಕು ಅಂದ್ಕಂಡು ಬೋ ದಿನ ಯೋಚ್ನೆ ಮಾಡ್ದೆ.'

ಬಸ್ ಬಂತು. ಮಗಳು ಆಡುತ್ತಾಳಾ ಅಂತ ಕೇಳಿದೆ. 'ಆಡ್ತಳೆ, ನನ್ನಂಗೇ ಗಿಡ್ಡಿ' ಅಂತ ನಕ್ಕು ಹತ್ತಿದಳು.

ಶಾಲೆ ಶುರುವಾದ ಮೇಲೆ ನಿಮ್ಮ ಮಕ್ಕಳೂ ಯಾವುದಾದರೂ ತಂಡದ ಆಯ್ಕೆಗೆ ನಿಲ್ಲಬಹುದು. ಹೆಸರು ಬಂದರೆ ಸಂತೋಷ ಪಡಿ. ಬರದಿದ್ದರೆ ಮೇಷ್ಟರ ಜೊತೆ ಜಗಳ ಬೇಡ, ಮಗುವನ್ನು ಬೈಯುವುದೂ ಬೇಡ. ಹೋಗಿ 'ಯಾಕೆ, ಮುಂದೇನು' ಅಂತ ಎರಡೇ ಪ್ರಶ್ನೆ ಕೇಳಿ. ಇದನ್ನು ಓದುತ್ತಿರುವ ಪಿ.ಟಿ. ಟೀಚರುಗಳೇ, ಅವರು ಕೇಳುವ ಮುಂಚೆ ನೀವೇ ಹೇಳಿಬಿಡಿ.