ಆಟದ ಹಿಂದಿನ ಕಾಯಕ

ಆಟವೆಂಬುದು ಆಡುವವನಿಗೆ ವಿನೋದ, ಅದನ್ನು ಕಟ್ಟಿದವನಿಗೆ ಕಾಯಕ. ನಾಟಕದ ವೇಷವನ್ನು ಮೆಚ್ಚುವವರು ತೆರೆಯ ಹಿಂದೆ ಬಣ್ಣ ಅರೆದವರನ್ನು ನೆನೆಯುವುದು ವಿರಳ. ಗಣಕಯಂತ್ರದ ಆಟಗಳಿಗೂ ಈ ಮಾತು ಸಲ್ಲುತ್ತದೆ. ಅಮೆರಿಕದಲ್ಲಿ ರೂಪುಗೊಂಡ ‘ಡೂಮ್’ ಎಂಬ ಆಟದ ನಿರ್ಮಾಣ ವೃತ್ತಾಂತ ಇದಕ್ಕೊಂದು ನಿದರ್ಶನ.

1993ರ ಡಿಸೆಂಬರ್ 10ರಂದು ಹೊರಬಂದ ಈ ಆಟದಲ್ಲಿ ಆಡುವವನು ಸೈನಿಕನೊಬ್ಬನ ಕಣ್ಣಿನಿಂದಲೇ ಎಲ್ಲವನ್ನೂ ಕಾಣುತ್ತಾನೆ. ಪರದೆಯ ಕೆಳಭಾಗದಲ್ಲಿ ಅವನ ಕೈ ಮತ್ತು ಆಯುಧ ಗೋಚರಿಸುತ್ತವೆ. ಮಂಗಳನ ಉಪಗ್ರಹಗಳಲ್ಲಿ ಆರಂಭವಾಗುವ ಪಿಶಾಚಿಗಳೊಡನೆಯ ಕಾಳಗವೇ ಅದರ ವಸ್ತು. 1991ರಲ್ಲಿ ನಾಲ್ವರು ತರುಣರು ಸ್ಥಾಪಿಸಿದ ಇಡ್ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆ ಇದನ್ನು ಟೆಕ್ಸಾಸ್ ರಾಜ್ಯದ ಮೆಸ್ಕೀಟ್ ಪಟ್ಟಣದಲ್ಲಿ ನಿರ್ಮಿಸಿತು.

ಯಂತ್ರದೊಳಗಿನ ಈ ಲೋಕದ ಬಹುಭಾಗ ಮೊದಲು ಕೈಯಿಂದಲೇ ರೂಪುಗೊಂಡಿತೆಂಬುದು ಸ್ವಾರಸ್ಯಕರ. ಚಿತ್ರಕಾರ ಏಡ್ರಿಯನ್ ಕಾರ್ಮ್ಯಾಕ್ ಅವರು ಕೆಲವು ಪಿಶಾಚಿಗಳನ್ನು ಜೇಡಿಮಣ್ಣಿನಲ್ಲಿ ತಿದ್ದಿದರು. ಗ್ರೆಗರ್ ಪಂಚಾಟ್ಜ್ ಅವರು ಲೋಹದ ಹಂದರದ ಮೇಲೆ ರಬ್ಬರು ಹೊದಿಸಿದ ಬೊಂಬೆಯನ್ನು ಮಾಡಿಕೊಟ್ಟರು. ಈ ಬೊಂಬೆಗಳನ್ನು ತಿರುಗುವ ಪೀಠದ ಮೇಲಿರಿಸಿ, ಬೇರೆ ಬೇರೆ ದಿಕ್ಕುಗಳಿಂದ ಚಿತ್ರ ತೆಗೆದು, ಗಣಕದಲ್ಲಿ ಚುಕ್ಕೆ ಚುಕ್ಕೆಯಾಗಿ ತಿದ್ದಲಾಯಿತು. ಆಟದ ಬಂದೂಕುಗಳಿಗೆ ಮೂಲ ಅಂಗಡಿಯಿಂದ ತಂದ ಮಕ್ಕಳ ಆಟಿಕೆಗಳು. ಮರ ಕೊಯ್ಯುವ ಯಂತ್ರಗರಗಸವಂತೂ ಎರವಲು ತಂದದ್ದು. ಪರದೆಯ ಮೇಲೆ ಕಾಣುವ ಮುಷ್ಟಿ ಕಲಾವಿದ ಕೆವಿನ್ ಕ್ಲೌಡ್ ಅವರದು.

ಕಾರ್ಯಕ್ರಮವನ್ನು ಬರೆದ ಜಾನ್ ಕಾರ್ಮ್ಯಾಕ್ ಅವರಿಗೆ ಎದುರಾದ ತೊಡಕು ಯಂತ್ರದ ಅಲ್ಪಶಕ್ತಿ. ಅಂದಿನ ಸಾಮಾನ್ಯ ಗಣಕಗಳಲ್ಲಿ ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಅಂಗವಿರದಿದ್ದುದರಿಂದ ಅವರು ಪೂರ್ಣಾಂಕಗಳಲ್ಲಿಯೇ ಲೆಕ್ಕವನ್ನು ಸಾಧಿಸಿದರು. ಜಾನ್ ರೊಮೆರೋ ಅವರು ರಚಿಸಿದ ಸಂಕೀರ್ಣ ರಂಗಗಳಲ್ಲಿ ಚಿತ್ರ ಕುಂಟತೊಡಗಿದಾಗ, 1980ರಲ್ಲಿ ಫುಕ್ಸ್, ಕೆಡೆಮ್, ನೇಲರ್ ಎಂಬ ವಿದ್ವಾಂಸರು ಪ್ರಕಟಿಸಿದ್ದ ವಿಧಾನವೊಂದು ನೆರವಿಗೆ ಬಂದಿತು. ರಂಗದ ನಕ್ಷೆಯನ್ನು ಒಂದು ಗೆರೆಯಿಂದ ಎರಡಾಗಿ, ಪ್ರತಿ ಭಾಗವನ್ನು ಮತ್ತೆ ಎರಡಾಗಿ ಮುಂಚಿತವಾಗಿಯೇ ಸೀಳಿಡುವುದು ಅದರ ಕ್ರಮ. ಆಡುವಾಗ ಸೈನಿಕನು ಗೆರೆಯ ಯಾವ ಪಕ್ಕದಲ್ಲಿರುವನೆಂದು ಕೇಳಿದರೆ ಸಾಕು, ಹತ್ತಿರದ ಗೋಡೆ ಯಾವುದು, ದೂರದ್ದು ಯಾವುದು ಎಂಬುದು ತಾನಾಗಿ ತಿಳಿಯುತ್ತದೆ. ಮರೆಯಾದುದನ್ನು ಬರೆಯುವ ಶ್ರಮವೂ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ದಿನವಷ್ಟೇ ಪುಸ್ತಕ ತೆರೆಯದೆ ವರ್ಷವಿಡೀ ಓದಿದ ವಿದ್ಯಾರ್ಥಿಯ ಜಾಣತನವಿದು.

ಎಲ್ಲರ ಶ್ರಮವೂ ಫಲವಾಗಿ ಕಾಣಿಸಲಿಲ್ಲ. ಸ್ಥಾಪಕರಲ್ಲೊಬ್ಬರಾದ ಟಾಮ್ ಹಾಲ್ ಅವರು ವಿಸ್ತಾರವಾದ ಕಥಾಯೋಜನೆಯನ್ನು ಬರೆದಿದ್ದರು. ಕಥೆಗಿಂತ ವೇಗವೇ ಮುಖ್ಯವೆಂಬ ಅಭಿಪ್ರಾಯ ಮೇಲಾಗಿ, 1993ರಲ್ಲಿ ಅವರು ಸಂಸ್ಥೆಯನ್ನು ತೊರೆಯಬೇಕಾಯಿತು. ಕೊನೆಯ ವಾರಗಳಲ್ಲಿ ಬಂದ ಸ್ಯಾಂಡಿ ಪೀಟರ್ಸನ್ ಅವರು ಹಾಲ್ ಅವರ ಕೆಲವು ಕರಡುಗಳನ್ನೇ ತಿದ್ದಿ ರಂಗಗಳನ್ನು ಪೂರೈಸಿದರು.

ಈ ಆಟ ಎಳೆಯರಿಗೆ ತಕ್ಕುದಲ್ಲ. ಅದು ಹೊರಬರುವ ಹಿಂದಿನ ದಿನವೇ ಅಮೆರಿಕದ ಸೆನೆಟ್ಟಿನಲ್ಲಿ ಇಂತಹ ಆಟಗಳ ಹಿಂಸೆಯ ಬಗೆಗೆ ವಿಚಾರಣೆ ನಡೆದಿತ್ತು. 1994ರಲ್ಲಿ ವಯೋಮಾನಕ್ಕೆ ಅನುಸಾರವಾಗಿ ಆಟಗಳನ್ನು ವಿಂಗಡಿಸುವ ಮಂಡಳಿಯೂ ಅಲ್ಲಿ ಸ್ಥಾಪಿತವಾಯಿತು. ಕಿರಿಯರ ಕೈಗೆ ಏನನ್ನು ಕೊಡಬೇಕೆಂಬ ವಿವೇಚನೆಯ ಹೊಣೆ ಹಿರಿಯರದೇ.

ಆದರೆ ವಸ್ತುವನ್ನು ಒಪ್ಪದವರೂ ಕರ್ತೃಗಳ ಔದಾರ್ಯವನ್ನು ಮೆಚ್ಚಬೇಕು. ಚಿತ್ರ ಮತ್ತು ನಕ್ಷೆಗಳನ್ನು ಪ್ರತ್ಯೇಕ ಕಡತದಲ್ಲಿರಿಸಿ, ಆಡುವವರೂ ಹೊಸ ರಂಗಗಳನ್ನು ಕಟ್ಟಲು ಅವರು ಎಡೆಮಾಡಿಕೊಟ್ಟರು. 1997ರಲ್ಲಿ ಆಟದ ಮೂಲ ಬರಹವನ್ನೇ ಲೋಕದ ಮುಂದೆ ತೆರೆದಿಟ್ಟರು. ಅದನ್ನೋದಿ ಕಲಿತವರು ಅಸಂಖ್ಯ. ತಾನು ಕಲಿತುದನ್ನು ಬಚ್ಚಿಡದೆ ಹಂಚುವುದು ಜ್ಞಾನದಾಸೋಹವೇ ಸರಿ. ಆಡುವ ಮಗುವಿಗೆ ಇದು ಹೇಗೆ ನಿರ್ಮಿತವಾಯಿತೆಂದು ಕೇಳುವ ಕುತೂಹಲವನ್ನು ಕಲಿಸಿದರೆ, ಆಟವೂ ಪಾಠವಾದೀತು.