ಹಳೆಯ ಹಾರ್ಡ್ ಡಿಸ್ಕ್‌ನಿಂದ ಕಡತಗಳನ್ನು ಮರಳಿ ಪಡೆಯುವುದು

ಗುಂಡಿ ಒತ್ತಿದರೂ ಗಣಕದ ಪರದೆ ಬೆಳಗುವುದಿಲ್ಲ. ಹದಿನೈದು ವರ್ಷಗಳ ಹಿಂದೆ ಅದರಲ್ಲಿ ಬೆರಳಚ್ಚಿಸಿದ ಪಾಠ ಟಿಪ್ಪಣಿಗಳು, ಕ್ಷೇತ್ರ ಅಧ್ಯಯನದ ವರದಿಗಳು, ಛಾಯಾಚಿತ್ರಗಳು ಹೋದವೆಂದೇ ತಿಳಿದು ಹಲವರು ಪೆಟ್ಟಿಗೆಯನ್ನು ಗುಜರಿಗೆ ಹಾಕುತ್ತಾರೆ. ಆದರೆ ಕೆಟ್ಟಿರುವುದು ಎಸ್.ಎಂ.ಪಿ.ಎಸ್. ಇರಬಹುದು, ಮದರ್‌ಬೋರ್ಡಿನ ಉಬ್ಬಿದ ಕೆಪಾಸಿಟರ್ ಇರಬಹುದು. ಕಡತಗಳಿರುವುದು ಅಲ್ಲಲ್ಲ, ಹಾರ್ಡ್ ಡಿಸ್ಕ್‌ನಲ್ಲಿ.

ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಸಾಧನದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ತತ್ತ್ವ ಇಂದಿಗೂ ಅದೇ. ತಟ್ಟೆಯ ಮೇಲಿನ ತೆಳು ಕಾಂತೀಯ ಲೇಪದಲ್ಲಿ ಕಾಂತತ್ವದ ದಿಕ್ಕುಗಳ ರೂಪದಲ್ಲಿ ಮಾಹಿತಿ ದಾಖಲಾಗುತ್ತದೆ. ವಿದ್ಯುತ್ ನಿಂತರೂ ಅದು ಅಳಿಯದು. ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವಾಗ, ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಹೊಗೆಯ ಕಣವೂ ಈ ಅಂತರಕ್ಕಿಂತ ದೊಡ್ಡದು. ಕುತೂಹಲಕ್ಕೆಂದು ಡಿಸ್ಕ್‌ನ ಮುಚ್ಚಳ ಬಿಚ್ಚಿದರೆ ಏನಾದೀತೆಂದು ಊಹಿಸಿಕೊಳ್ಳಿ.

ವಿದ್ಯುತ್ ಸಂಪರ್ಕ ಕಿತ್ತ ಬಳಿಕ ಡಿಸ್ಕನ್ನು ಹೊರತೆಗೆದು ಜೋಡಣೆಯ ಬಗೆ ನೋಡಿ. ಅಗಲವಾದ ಪಟ್ಟಿ ಕೇಬಲ್, 40 ಪಿನ್ನುಗಳಿದ್ದರೆ ಅದು ಐಡಿಇ. ಕಿರಿದಾದ ಚಪ್ಪಟೆ ಕನೆಕ್ಟರ್ ಇದ್ದರೆ ಸಾಟಾ. ಎರಡಕ್ಕೂ ಯುಎಸ್‌ಬಿ ಅಡಾಪ್ಟರ್ ದೊರೆಯುತ್ತದೆ. ಮೇಜಿನ ಗಣಕದ ಮೂರೂವರೆ ಅಂಗುಲದ ಡಿಸ್ಕ್‌ಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ವೋಲ್ಟ್. ಆದ್ದರಿಂದ ಪ್ರತ್ಯೇಕ ವಿದ್ಯುತ್ ಪೂರೈಕೆ ಇರುವ ಅಡಾಪ್ಟರನ್ನೇ ಕೊಳ್ಳಬೇಕು. ಐಡಿಇ ಡಿಸ್ಕ್ ಕಾಣಿಸದಿದ್ದರೆ ಅದರ ಜಂಪರ್ 'ಮಾಸ್ಟರ್' ಸ್ಥಾನದಲ್ಲಿದೆಯೇ ನೋಡಿ. ಜೋಡಿಸಿದೊಡನೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಒಪ್ಪಿಗೆ ಕೊಡಬೇಡಿ.

ಟಕ್ ಟಕ್ ಎಂಬ ಸದ್ದು ಮರುಕಳಿಸುತ್ತಿದ್ದರೆ ಕೂಡಲೇ ನಿಲ್ಲಿಸಿ. ಕೆಟ್ಟ ತಲೆ ತಟ್ಟೆಯನ್ನು ಕೆರೆಯುತ್ತಿರಬಹುದು. ಇದು ಧೂಳಿಲ್ಲದ ಕೋಣೆಯಿರುವ ತಜ್ಞರ ಕೆಲಸ. ಡಿಸ್ಕನ್ನು ಫ್ರೀಜರ್‌ನಲ್ಲಿಡುವ ಜನಪ್ರಿಯ ಉಪಾಯವಂತೂ ಬೇಡ: ಹೊರತೆಗೆದಾಗ ತಣ್ಣನೆಯ ತಟ್ಟೆಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ.

ಸದ್ದಿಲ್ಲದೆ ತಿರುಗುತ್ತಿದ್ದರೂ ಅಲ್ಲಲ್ಲಿ ಓದಲಾಗದ ಭಾಗಗಳಿರಬಹುದು. ಆಗ ಕಡತಗಳನ್ನು ಒಂದೊಂದಾಗಿ ತೆರೆಯುವುದಕ್ಕಿಂತ ಇಡೀ ಡಿಸ್ಕ್‌ನ ಪಡಿಯಚ್ಚನ್ನು ಬೇರೊಂದರಲ್ಲಿ ತೆಗೆದುಕೊಳ್ಳುವುದು ಲೇಸು. ಲಿನಕ್ಸ್‌ನ ಉಚಿತ ತಂತ್ರಾಂಶ 'ಡಿಡಿರೆಸ್ಕ್ಯೂ' ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನು ನಕಲಿಸಿ, ತೊಡಕಿನವನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಈ ಕ್ರಮವೇ ಸರಿ. ಸೆಕೆಂಡಿಗೆ 30 ಮೆಗಾಬೈಟ್ ವೇಗ ಸಿಕ್ಕರೆ 40 ಗಿಗಾಬೈಟ್‌ನ ಆರೋಗ್ಯವಂತ ಡಿಸ್ಕ್‌ಗೆ 22 ನಿಮಿಷ ಸಾಕು. ಕೆಟ್ಟದ್ದಕ್ಕೆ ದಿನಗಳೇ ಹಿಡಿಯಬಹುದು.

ಅಳಿಸಿದ ಕಡತಗಳ ಕಥೆ ಬೇರೆ. ಫ್ಯಾಟ್ ವ್ಯವಸ್ಥೆಯಲ್ಲಿ ಕಡತ ಅಳಿಸಿದಾಗ ಪಟ್ಟಿಯಲ್ಲಿನ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ 229 ಎಂಬ ಸಂಕೇತ ಬರುತ್ತದೆ, ಕಡತವಿದ್ದ ಸ್ಥಳ 'ಖಾಲಿ' ಎಂದು ಗುರುತಾಗುತ್ತದೆ. ಒಳಗಿನ ಮಾಹಿತಿ ಮಾತ್ರ ಇನ್ನೊಂದು ಕಡತ ಅದರ ಮೇಲೆ ಬಂದು ಕೂರುವವರೆಗೆ ಅಲ್ಲೇ ಇರುತ್ತದೆ. ಹಾಗಾಗಿ ಮರಳಿ ಪಡೆದುದನ್ನು ಅದೇ ಡಿಸ್ಕ್‌ಗೆ ಬರೆಯಬಾರದು.

ಕನ್ನಡದ ಕಡತಗಳಿಗೆ ಇನ್ನೊಂದು ಗಂಡಾಂತರವಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣಬಹುದು. ಕಡತ ಕೆಟ್ಟಿತೆಂದು ಅದನ್ನು ಎಸೆಯಬೇಡಿ. ಅವು ಯುನಿಕೋಡ್ ಅಲ್ಲ. ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದವು. ಹಳೆಯ ಡಿಸ್ಕ್‌ನ ವಿಂಡೋಸ್ ಕಡತಕೋಶದಲ್ಲಿರುವ 'ಫಾಂಟ್ಸ್' ಕೋಶವನ್ನೂ ನಕಲಿಸಿಕೊಂಡರೆ ಅದೇ ಫಾಂಟಿನಲ್ಲಿ ಓದಬಹುದು. ಬಳಿಕ ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತನ್ನಿ. ಪರಿವರ್ತನೆಯಾದ ಮೇಲೆ 'ಸೂರ್ಯ', 'ವರ್ಷ'ಗಳಂಥ ಪದಗಳನ್ನು ಹುಡುಕಿ ನೋಡಿ: ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ದಾಖಲಾಗುತ್ತಿತ್ತು, ಯುನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ತಪ್ಪುಗಳು ಹೆಚ್ಚಾಗಿ ನುಸುಳುವುದು ಅಲ್ಲೇ.